ಮೊದಲು ಕೆಳಕ್ಕಿಳಿದ ಗೆರೆ

ನಾನೊಂದು ಭೂಕಂಪನ ಮಾಪಕ. ಹೆಸರು ದೊಡ್ಡದು, ಮೈ ಚಿಕ್ಕದು. ಸ್ಪ್ರಿಂಗಿಗೆ ತೂಗುಬಿಟ್ಟ ಕಬ್ಬಿಣದ ಗುಂಡು, ನಿಧಾನವಾಗಿ ತಿರುಗುವ ಉರುಳೆ, ಅದಕ್ಕೆ ಸುತ್ತಿದ ಕಾಗದ, ಮೇಲೊಂದು ಶಾಯಿಯ ಸೂಜಿ, ಇಷ್ಟೇ. ನೆಲ ಅಲುಗಿದರೆ ಬರೆಯುತ್ತೇನೆ. ಓದಿ ಹೇಳಲು ನನಗೆ ಬಾಯಿಲ್ಲ.

ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿ, ಕಲಬುರಗಿ ಸೀಮೆಯ ಒಂದು ವೀಕ್ಷಣಾಲಯಕ್ಕೆ ಬಂದೆ. ನೆಲಮಾಳಿಗೆಯ ಕರಿಬಂಡೆಯ ಮೇಲೆ ನನ್ನನ್ನು ಕೂರಿಸಿದರು. ಅಲ್ಲಿನ ಸಹಾಯಕರು ಮಾಣಿಕಪ್ಪನವರು. ದಿನಾ ಬೆಳಿಗ್ಗೆ ಎಂಟಕ್ಕೆ ಚಪ್ಪಲಿ ಹೊರಗೆ ಬಿಟ್ಟು, ಮಲಗಿದ ಕೂಸಿನ ಹತ್ತಿರ ಬಂದವರ ಹಾಗೆ ಇಳಿದು ಬಂದು ಕಾಗದ ಬದಲಿಸುತ್ತಿದ್ದರು. ಅವರ ಪಾದಗಳನ್ನೇ ನಾನು ಮೊದಲು ಗುರುತು ಹಿಡಿದದ್ದು.

ಅವರ ಮಗಳು ಜಗದೇವಿ ಚಿಕ್ಕಂದಿನಲ್ಲಿ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು, “ಎಪ್ಪಾ, ನೆಲ ಯಾಕ ನಡಗ್ತದ?”

“ಭೂಮಿ ಮ್ಯಾಲಿನ ಚಿಪ್ಪು ಒಡದ ಪರ್ಶಿಕಲ್ಲು ಇದ್ದಂಗವ್ವ, ದೊಡ್ಡ ದೊಡ್ಡ ತುಂಡು. ನಮ್ ತುಂಡು ವರ್ಷಕ್ಕ ಮೂರು ಬೆರಳಷ್ಟು ಉತ್ತರಕ್ಕ ಸರೀತದ. ಆ ಕಡಿ ತುಂಡು ಜಾಗ ಬಿಡಂಗಿಲ್ಲ. ಗುದ್ದಿ ಗುದ್ದಿ ಹಿಮಾಲಯ ಎದ್ದದ.”

“ಹಿಮಾಲಯ ಎಲ್ಲಿ, ನಮ್ಮೂರು ಎಲ್ಲಿ!”

“ತಲಿ ಗ್ವಾಡಿಗಿ ಬಡದ್ರ ಸೊಂಟ ನೋಯಂಗಿಲ್ಲೇನು? ಹಳೇ ಬಿರುಕು ಇದ್ದಲ್ಲಿ ಒತ್ತಡ ಕೂಡ್ತದ. ತಡಕೊಳ್ಳದಾದಾಗ ಜಾರ್ತದ.”

ಅವಳನ್ನು ಹತ್ತಿರದ ಕರಿಗುಡ್ಡವೆಂಬ ಊರಿಗೆ ಮದುವೆ ಮಾಡಿ ಕೊಟ್ಟರು. ಕಲ್ಲು, ಮಣ್ಣು ಸೇರಿಸಿ ಕಟ್ಟಿದ ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಊರ ಪಕ್ಕದಲ್ಲೇ ಕಲ್ಲಿನ ಖಣಿ. ಸಂಜೆ ನಾಲ್ಕಕ್ಕೆ ಅಲ್ಲಿ ಮದ್ದು ಸಿಡಿಸಿದರೆ ನನ್ನ ಸೂಜಿ ಚಿಕ್ಕದಾಗಿ ಹಾರುತ್ತಿತ್ತು.

ಸಿಡಿತಕ್ಕೂ ಕಂಪನಕ್ಕೂ ಒಂದು ವ್ಯತ್ಯಾಸವಿದೆ. ಮದ್ದು ನೆಲವನ್ನು ಎಲ್ಲ ದಿಕ್ಕಿಗೂ ನೂಕುತ್ತದೆ. ಆಗ ನನ್ನ ಗೆರೆ ಮೊದಲು ಮೇಲಕ್ಕೇ ಏಳುತ್ತದೆ. ಬಿರುಕು ಜಾರಿದರೆ ಒಂದು ಕಡೆ ನೂಕು, ಇನ್ನೊಂದು ಕಡೆ ಸೆಳೆತ. ಗೆರೆ ಮೊದಲು ಕೆಳಕ್ಕೂ ಇಳಿಯಬಹುದು. ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಕೂದಲೆಳೆಯಷ್ಟು ಗುರುತು ಅದು. ಮಾಣಿಕಪ್ಪನವರು ಮೊದಮೊದಲು ಹಿಡಿಯುತ್ತಿದ್ದರು. ಆಮೇಲೆ ನಾಲ್ಕರ ಸುಮಾರಿನ ಗೆರೆ ಕಂಡರೆ ಸಾಕು, ಕೆಂಪು ಪೆನ್ಸಿಲ್ಲಿನಿಂದ ‘ಖಣಿ’ ಎಂದು ಬರೆದುಬಿಡುತ್ತಿದ್ದರು.

ಒಂದು ಬೆಳಿಗ್ಗೆ ಜಗದೇವಿ ಬುತ್ತಿ ಹಿಡಿದು ಬಂದಳು. ಅವಳ ಹಿಮ್ಮಡಿಯಲ್ಲಿ ಕೆಂಪುಮಣ್ಣಿತ್ತು.

“ಎಪ್ಪಾ, ನಿನ್ನಿ ಸಂಜಿಗಿ ಗಂಗಾಳೆಲ್ಲ ಗಲಗಲ ಅಂದವು.”

“ಖಣಿ ಸಿಡಿಸ್ಯಾರ.”

“ನಿನ್ನಿ ಅಮಾಸಿ. ಖಣಿ ಮಂದಿ ಹಾರಿ, ಸುತ್ತಿಗಿ ತೊಳದು ಕುಂಕುಮ ಹಚ್ಚಿ ಇಟ್ಟಾರ. ಯಾರೂ ಕೆಲಸಕ್ಕ ಹೋಗಿಲ್ಲ.”

“ಗುತ್ತೇದಾರ ಕದ್ದು ಸಿಡಿಸಿರ್ತಾನ ಬಿಡು. ಅವನಿಗಿ ಎಲ್ಲೀ ಅಮಾಸಿ!”

“ನಮ್ಮತ್ತಿ ನಗ್ತಾಳ, ನಿಮ್ಮಪ್ಪನ್ನ ಕೇಳೇ ಭೂಮ್ತಾಯಿ ನಡಗ್ತಾಳೇನು ಅಂತ. ಆದ್ರ ನೀ ಹೂಂ ಅಂದ್ರ ಹೊಲದಾಗ ತಗಡಿನ ಶೆಡ್ ಹಾಕ್ಕೊಂಡು ಇರ್ತೀವಿ ಅಂದಾಳ.”

ಹಿಂದಿನ ದಿನದ ಕಾಗದ ಅವರ ಕೈಯಲ್ಲೇ ಇತ್ತು. ನಾನು ಬರೆದಿದ್ದೆ. ಗೆರೆ ಮೊದಲು ಕೆಳಕ್ಕಿಳಿದಿತ್ತು. ಭೂತಗನ್ನಡಿ ಮೇಜಿನ ಮೇಲಿತ್ತು, ಒಂದು ಮೊಳ ದೂರದಲ್ಲಿ.

“ಇಪ್ಪತ್ತೆರಡು ವರ್ಷ ಇದನ್ನೇ ಓದೀನಿ. ಖಣಿನೇ ಅದು. ಸುಮ್ನ ಮನ್ಯಾಗ ಇರ್ರಿ,” ಎಂದರು. ಪೆನ್ಸಿಲ್ ತೆಗೆದು ಬರೆದರು.

ಚಿಕ್ಕ ನಡುಕದ ಹಿಂದೆ ದೊಡ್ಡದು ಬಂದೇ ಬರುತ್ತದೆಂದು ಯಾರೂ ಹೇಳಲಾರರು. ನಾನೂ ಹೇಳಲಾರೆ. ಆದರೆ ‘ನನಗ ಗೊತ್ತಿಲ್ಲ’ ಎಂದಿದ್ದರೂ ಸಾಕಿತ್ತು, ಅವಳು ಹೊಲಕ್ಕೆ ಹೋಗುತ್ತಿದ್ದಳು.

ಒಂಬತ್ತನೆಯ ದಿನ, ಮನೆಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತು. ನನ್ನ ಸೂಜಿ ಕಾಗದದ ಅಂಚು ದಾಟಿ ಹೋಗಿ ಮುರಿದು ಬಿತ್ತು. ಕರಿಗುಡ್ಡದ ಅರ್ಧ ಊರು ಕಲ್ಲುರಾಶಿಯಾಯಿತು. ಜಗದೇವಿಯನ್ನೂ ಅವಳ ಅತ್ತೆಯನ್ನೂ ಒಲೆಯ ಮುಂದೆಯೇ ತೆಗೆದರಂತೆ.

ಮಗಳಿಗೆ ಮಣ್ಣು ಕೊಟ್ಟು ಬಂದ ಮಾಣಿಕಪ್ಪನವರು ಚಪ್ಪಲಿ ಮೆಟ್ಟಿಕೊಂಡೇ ಕೆಳಗಿಳಿದರು. ಅಮಾವಾಸ್ಯೆಯ ಕಾಗದ ಹುಡುಕಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಕೆಳಗಿಳದದ,” ಎಂದರು. ಕೇಳಲು ಅಲ್ಲಿ ನಾನೊಬ್ಬನೇ ಇದ್ದೆ. ಕೆಂಪಕ್ಷರವನ್ನು ಅವರು ಅಳಿಸಲಿಲ್ಲ.

ಈಗ ಕಂಪ್ಯೂಟರಿನ ಯಂತ್ರ ಬಂದಿದೆ. ನಾನು ಉಗ್ರಾಣದ ಮೂಲೆಯಲ್ಲಿ, ಮುರಿದ ಕುರ್ಚಿಗಳ ನಡುವೆ ಇದ್ದೇನೆ. ಮಾಣಿಕಪ್ಪನವರ ಪಾದಗಳನ್ನು ಆಮೇಲೆ ಕಾಣಲಿಲ್ಲ. ನೆಲ ಮಾತ್ರ ಸರಿಯುತ್ತಲೇ ಇದೆ, ವರ್ಷಕ್ಕೆ ಮೂರು ಬೆರಳು. ಎಲ್ಲೋ ಬೆಟ್ಟ ಏಳುತ್ತಿದೆ, ಇಲ್ಲಿ ಯಾವುದೋ ಬಿರುಕು ತಡೆದುಕೊಂಡಿದೆ. ಒಮ್ಮೊಮ್ಮೆ ನನ್ನ ಗುಂಡು ತುಸು ತೂಗುತ್ತದೆ. ಬರೆಯಲು ಶಾಯಿಯಿಲ್ಲ.

ಶಾಯಿ ಇದ್ದಾಗ ಬರೆದು ತಾನೇ ಏನಾಯಿತು?