ಅರ್ಧ ಕ್ಷೌರ

"ಅವರ ಬಗ್ಗೆ ಏನು ಹೇಳ್ಲಿ…" ಎಂದು ಎದ್ದು ನಿಂತ ದಿನಸಿ ಅಂಗಡಿಯವನು ಗಂಟಲು ಸರಿಮಾಡಿಕೊಂಡ. "ನಂಗೆ ಬೆನ್ನುನೋವು ಶುರುವಾದಾಗ ಮೊದ್ಲು ಹೇಳ್ಕೊಂಡಿದ್ದೇ ಅವರ ಹತ್ರ. ಆಮೇಲೆ ನನ್ನ ತಮ್ಮ ಇದಾನಲ್ಲ, ಅವನು…"

ತಮ್ಮನ ಪುರಾಣ ಮುಗಿಯುವ ಹೊತ್ತಿಗೆ ಪಾದ್ರಿಗಳು ಎರಡು ಸಲ ಕೆಮ್ಮಿದ್ದರು. ಚರ್ಚಿನ ಮುಂದಿನ ಬೆಂಚಿನಲ್ಲಿ ಸತ್ತವನ ಮಗಳು ಒಬ್ಬಳೇ ಕೂತಿದ್ದಳು. ಶವಪೆಟ್ಟಿಗೆಯೊಳಗೂ ಅಪ್ಪ ಕೇಳಿಸಿಕೊಳ್ಳುತ್ತಲೇ ಮಲಗಿದ್ದಾನೆ ಅನ್ನಿಸಿತು ಅವಳಿಗೆ.

ಆಮೇಲೆ ಎದ್ದ ಮೇಷ್ಟ್ರು ತಮ್ಮ ವರ್ಗಾವಣೆಯ ಕಥೆ ಹೇಳಿ ಕೂತರು. ಊರಿನ ಅರ್ಧಕ್ಕರ್ಧ ಗಂಡಸರ ಗಡ್ಡ ಹೆರೆದವನು ಸತ್ತಿದ್ದಾನೆ, ಅವನ ಬಗ್ಗೆ ಹೇಳಲು ಒಬ್ಬರ ಬಳಿಯೂ ಒಂದು ಮಾತಿಲ್ಲ! ಇರುವುದಾದರೂ ಹೇಗೆ? ಅವನ ಕ್ಷೌರದ ಕುರ್ಚಿಯಲ್ಲಿ ಕೂತವರೆಲ್ಲ ಹೊಟ್ಟೆಯಲ್ಲಿದ್ದದ್ದನ್ನು ಕಕ್ಕಿ ಹಗುರಾಗಿ ಎದ್ದು ಹೋದವರೇ ಹೊರತು, "ನೀನು ಹೇಗಿದ್ದೀಯಪ್ಪ?" ಎಂದು ಕೇಳಿದವರಲ್ಲ. ಅವನೋ, ದಿನಾ ಅಂಗಡಿಯ ಬೀಗ ತೆಗೆಯುವ ಮುಂಚೆ "ಪ್ರಭುವೇ, ಕತ್ತಿಯೂ ಜಾರದಿರಲಿ, ನಾಲಿಗೆಯೂ ಜಾರದಿರಲಿ" ಎಂದು ಬೇಡಿಕೊಳ್ಳುತ್ತಿದ್ದ ಮನುಷ್ಯ. ಜಗಳವಾಡಿದ ಇಬ್ಬರು ಒಂದೇ ಬೆಳಗ್ಗೆ ಬಂದು ಒಬ್ಬರನ್ನೊಬ್ಬರು ಬೈದು ಹೋದರೂ, ಅವನಿಂದ ಒಂದು ಮಾತು ಅತ್ತಿತ್ತ ಆಗುತ್ತಿರಲಿಲ್ಲ.

ಮಗಳಿಗೆ ಇದೆಲ್ಲ ಗೊತ್ತಿದ್ದದ್ದೇ. ಅವಳು ಕಾಯುತ್ತಿದ್ದದ್ದು ಬೇರೆ ಮಾತಿಗೆ. ಅಪ್ಪ ಎಂದಾದರೂ, ಯಾರ ಹತ್ತಿರವಾದರೂ, ಮಗಳಾದ ತನ್ನ ಬಗ್ಗೆ ಬಾಯಿ ಬಿಟ್ಟಿದ್ದನೇ?

*

ಗಂಡನ ಮನೆ ಬಿಟ್ಟು ಅವಳು ಸೂಟ್‌ಕೇಸ್ ಹಿಡಿದು ಬಂದ ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಿದ್ದ. ಒಮ್ಮೆ ತಲೆ ಎತ್ತಿ ನೋಡಿ, ಎದ್ದು ಇನ್ನೊಂದು ತಟ್ಟೆ ತಂದಿಟ್ಟ.

"ಕೈ ತೊಳ್ಕೊಂಡು ಬಾ."

"ಯಾಕೆ ಬಂದೆ ಅಂತ ಕೇಳಲ್ವಾ ಅಪ್ಪಾ?"

"ಹೇಳ್ಬೇಕು ಅನ್ನಿಸಿದಾಗ ಹೇಳು."

ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ತನ್ನ ಮಂಚ ಅವಳಿಗೆ ಬಿಟ್ಟುಕೊಟ್ಟು ಹಜಾರದಲ್ಲಿ ಮಲಗತೊಡಗಿದ. ಬೀದಿಯವರು ಆಡಿಕೊಳ್ಳುವುದು ಅವಳ ಕಿವಿಗೂ ಬೀಳುತ್ತಿತ್ತು. ಎಲ್ಲರ ಮಾತಿಗೆ ಕಿವಿ ಕೊಟ್ಟಂತೆ ಅಪ್ಪ ಅದಕ್ಕೂ ಕಿವಿ ಕೊಟ್ಟು, ಸುಮ್ಮನೆ ಅವರ ಗಲ್ಲ ಹಿಡಿದು ಕತ್ತಿ ಆಡಿಸುತ್ತಿರಬೇಕು ಎಂದುಕೊಂಡಳು. ಎಷ್ಟೋ ಸಂಜೆ ಇಬ್ಬರೂ ಎದುರುಬದುರು ಕೂತು ಉಂಡು, ಮಾತಿಲ್ಲದೆ ಎದ್ದರು. ಅಪ್ಪನಿಗೆ ನನ್ನಿಂದ ನಾಚಿಕೆಯಾಗಿದೆ ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು.

*

ಮಣ್ಣು ಹಾಕಿದ್ದಾಯಿತು. ಇನ್ನು ಕ್ಷೌರಕ್ಕೆ ಎಲ್ಲಿಗೆ ಹೋಗುವುದು ಎಂದು ಮಾತಾಡಿಕೊಳ್ಳುತ್ತ ಗಂಡಸರು ಸ್ಮಶಾನದ ಗೇಟಿನ ಕಡೆ ನಡೆದರು. ದಿನಸಿ ಅಂಗಡಿಯವನ ಹೆಂಡತಿ ಮಾತ್ರ ಹಿಂದೆ ಉಳಿದಳು.

"ನಮ್ಮೆಜಮಾನ್ರು ಚರ್ಚಲ್ಲಿ ಬೆನ್ನುನೋವಿನ ಕಥೆ ಹೇಳಿದ್ರಲ್ಲ, ಹೇಳ್ಬೇಕಾಗಿದ್ದು ಅದಲ್ಲ ಕಣೆ. ಅರ್ಧ ಕ್ಷೌರ ಮಾಡಿಸ್ಕೊಂಡು ಮನೆಗೆ ಬಂದಿದ್ರಲ್ಲ, ಅದನ್ನ ಹೇಳ್ಬೇಕಿತ್ತು."

"ಅರ್ಧ ಕ್ಷೌರಾನಾ?" ಮಗಳು ನಂಬಲಿಲ್ಲ. ಮನೆಗೆ ಬೆಂಕಿ ಬಿದ್ದರೂ ಹಿಡಿದ ಗಲ್ಲ ಮುಗಿಸಿಯೇ ಏಳುತ್ತಿದ್ದವನು ಅಪ್ಪ.

"ನಿಂಗೊತ್ತಿಲ್ವಾ? ನಿಮ್ಮಪ್ಪ ಹೇಳಿರ್ತಾರೆ ಅಂದ್ಕೊಂಡಿದ್ದೆ. ನೀನು ಬಂದ ಹೊಸದ್ರಲ್ಲಿ ಇವ್ರು ಬಾಯಿಚಪಲಕ್ಕೆ ನಿನ್ನ ಮೇಲೆ ಏನೋ ಅಂದಿದಾರೆ. ನಿಮ್ಮಪ್ಪ ಕತ್ತಿ ಒರೆಸಿ ಮಡಿಚಿಟ್ರಂತೆ. 'ನನ್ನ ಮಗಳನ್ನ ಆಡ್ಕೊಂಡ ಬಾಯಿನ ಈ ಕೈ ಮುಟ್ಟಲ್ಲ, ಎದ್ದೇಳಿ' ಅಂದ್ರಂತೆ. ಎಡಗೆನ್ನೆ ನುಣ್ಣಗೆ, ಬಲಗೆನ್ನೆ ತುಂಬ ನೊರೆ! ಹಾಗೇ ಬೀದಿಲಿ ನಡ್ಕೊಂಡು ಬಂದ್ರು. ಮಿಕ್ಕಿದ್ದನ್ನ ನಾನೇ ಹೆರೆದೆ. ರಕ್ತ ಬಂತು. ಬರ್ಲಿ ಅಂತ ಬಿಟ್ಟೆ."

ಮಗಳು ಗಟ್ಟಿಯಾಗಿ ನಕ್ಕುಬಿಟ್ಟಳು. ಪಾದ್ರಿಗಳು ಗಾಬರಿಯಿಂದ ತಿರುಗಿದರು. ನಗು ನಿಲ್ಲಲಿಲ್ಲ, ಜೊತೆಗೆ ಕಣ್ಣೀರೂ ಬಂತು.

"ಏನಂದ್ರು ಅಪ್ಪ? ಇನ್ನೊಂದ್ಸಲ ಹೇಳಿ."

ಆ ಹೆಂಗಸು ಮೊದಲಿಂದ ಶುರುಮಾಡಿದಳು. ಗೇಟಿನ ಬಳಿ ಹೆಂಡತಿಗಾಗಿ ಕಾಯುತ್ತಿದ್ದ ದಿನಸಿ ಅಂಗಡಿಯವನು, ಇಬ್ಬರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು, ಮೆಲ್ಲಗೆ ಬಲಗೆನ್ನೆಯನ್ನು ಅಂಗೈಯಿಂದ ಮುಚ್ಚಿಕೊಂಡ.