ನರ ಮುಟ್ಟುವ ಕಡ್ಡಿ

ನಾನು ಒಂದು ಉಕ್ಕಿನ ಕಡ್ಡಿ. ಪೆನ್ನಿನಷ್ಟು ಉದ್ದ, ತುದಿ ಸೂಜಿಯಷ್ಟು ಸಣ್ಣ. ಬಾಲಕ್ಕೊಂದು ತಂತಿ, ತಂತಿಯ ಕೊನೆಗೆ ಬ್ಯಾಟರಿ ಪೆಟ್ಟಿಗೆ. ನನ್ನನ್ನು ಮಾಡಿದವನು ನಾಲಗೆಗೆ ಮುಟ್ಟಿಸಿ ನೋಡಿದ. ಜುಮ್ಮೆಂದಿತು. “ಜೀವ ಇದೆ,” ಎಂದು ಡಬ್ಬಿಗೆ ಹಾಕಿದ.

ನನ್ನ ಕೆಲಸ ಒಂದೇ: ಆಪರೇಷನ್ ಮಾಡುವಾಗ ನರವನ್ನು ಮುಟ್ಟುವುದು. ಕೆಲಸ ಮಾಡುವ ನರವಾದರೆ ಬೆರಳು ಮಿಡಿಯುತ್ತದೆ, ಅಲ್ಲಿ ಕೊಯ್ಯಬಾರದು. ಮಿಡಿಯದಿದ್ದರೆ ಕೊಯ್ಯಬಹುದು. ಹನ್ನೆರಡು ವರ್ಷ ಒಬ್ಬ ಹಿರಿಯ ಸರ್ಜನ್ ಬಳಿ ಇದ್ದೆ. ಅವರು ನಿವೃತ್ತರಾಗುವಾಗ ಶಿಷ್ಯೆ ಡಾಕ್ಟರ್ ವಿಮಲಾಕ್ಷಿಯ ಕೈಗೆ ಕೊಟ್ಟರು. ಹಾಗೆ ದಾವಣಗೆರೆಗೆ ಬಂದು ಅವರ ಕೋಣೆಯ ಗಾಜಿನ ಕಪಾಟು ಸೇರಿದೆ.

ಅಲ್ಲಿಂದಲೇ ಗುರವ್ವನನ್ನು ನೋಡಿದ್ದು. ಅವಳು ಬಳೆ ತೊಡಿಸುವವಳು. ಬಲತೋಳಿನ ಒಳಬದಿಗೆ ನೆಲ್ಲಿಕಾಯಿಯಷ್ಟು ಗಂಟು. ಕೊಬ್ಬಿನ ಗಂಟು ಎಂದು ಯಾರೋ ಹೇಳಿದ್ದಕ್ಕೆ ಮೂರು ವರ್ಷ ಎಣ್ಣೆ ಹಚ್ಚಿ ತಿಕ್ಕಿದ್ದಳು. ಡಾಕ್ಟರು ಗಂಟನ್ನು ಅಲ್ಲಾಡಿಸಿದರು. ಅಡ್ಡಕ್ಕೆ ಸರಿಯಿತು, ಉದ್ದಕ್ಕೆ ಜಪ್ಪಯ್ಯ ಅನ್ನಲಿಲ್ಲ. ಬೆರಳಿನಿಂದ ಮೆಲ್ಲಗೆ ತಟ್ಟಿದರು.

“ಅಯ್ಯಯ್ಯೋ! ಹೆಬ್ಬೆರಳಿಗೆ ಕರೆಂಟ್ ಹೊಡೀತ್ರೀ ಡಾಕ್ಟ್ರಮ್ಮ!”

ಸ್ಕ್ಯಾನ್ ಆಯಿತು. “ಕ್ಯಾನ್ಸರ್ ಅಲ್ಲ ಗುರವ್ವ. ನರದ ಹೊದಿಕೆಯಲ್ಲಿ ಬೆಳೆದ ಗಂಟು. ಅಪರೂಪಕ್ಕೆ ಬರುತ್ತೆ. ತೆಗೀಬಹುದು.”

“ತೆಗೀರಿ. ಆದ್ರೆ ಹೆಬ್ಬೆರಳು ಉಳಿಸಿಕೊಡ್ರಿ. ಹೆಂಗಸರ ಕೈ ಹಿಂಡಿ ಬಳೆ ಏರಿಸೋದು ಅದೇ. ಅದು ಹೋದ್ರೆ ಬಳೆ ಮಲಾರ ಹೊತ್ಕೊಂಡು ಬರೀ ಮೆರವಣಿಗೆ ಹೋಗ್ಲಾ?”

ಆಪರೇಷನ್ ದಿನ ಸಿಸ್ಟರ್ ರೀಟಾ ಬಟ್ಟೆಯ ಕೆಳಗೆ ಗುರವ್ವನ ಅಂಗೈ ಹಿಡಿದು ಕೂತಿದ್ದರು. ಸಣ್ಣ ಮಿಡಿತ ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದೆಂದು ಡಾಕ್ಟರು ಮಾಡಿಕೊಂಡಿದ್ದ ಪದ್ಧತಿ ಅದು. ಗಂಟು ನರದೊಳಗೆ ಹಳದಿಯಾಗಿ ಉಬ್ಬಿತ್ತು. ಅದರ ಮೇಲೆ ಒಂದು ಕಡೆ ನನ್ನನ್ನು ಮುಟ್ಟಿಸಿದರು.

“ಏನೂ ಇಲ್ಲ,” ಎಂದರು ಸಿಸ್ಟರ್.

ಮತ್ತೆ ಮುಟ್ಟಿಸಿದರು. ಏನೂ ಇಲ್ಲ. ಡಾಕ್ಟರು ಚಾಕುವಿಗೆ ಕೈ ಚಾಚಿದರು.

“ಮೇಡಂ, ಗಂಟಿಗಿಂತ ಮೇಲಿನ ಒಳ್ಳೇ ನರ ಇನ್ನೂ ಮುಟ್ಟಿ ನೋಡಿಲ್ಲ. ಅಲ್ಲಿ ಮಿಡಿದರೆ ತಾನೇ ಈ ಕಡ್ಡೀನ ನಂಬೋದು?” ಎಂದು ಸಿಸ್ಟರ್ ತಡೆದರು.

ಮುಟ್ಟಿಸಿದರು. ಅಲ್ಲೂ ಏನೂ ಇಲ್ಲ! ತಲೆಯ ಬಳಿ ಕೂತಿದ್ದ ಅರಿವಳಿಕೆ ಡಾಕ್ಟರು ಎದ್ದು ನಿಂತರು. “ಸ್ನಾಯು ಸಡಿಲಿಸೋ ಔಷಧಿ ಇನ್ನೊಮ್ಮೆ ಕೊಟ್ಟುಬಿಟ್ಟೆ. ದಿನಾ ಕೊಡೋ ಅಭ್ಯಾಸ. ನನ್ನದೇ ತಪ್ಪು.”

ಆ ಔಷಧಿಯ ಬಲ ಇರುವಷ್ಟು ಹೊತ್ತು ಯಾವ ನರ ಮುಟ್ಟಿದರೂ ಬೆರಳು ಅಲ್ಲಾಡುವುದಿಲ್ಲ. ಮುಕ್ಕಾಲು ಗಂಟೆ ಎಲ್ಲರೂ ಕೈಕಟ್ಟಿ ಕಾದರು. ಆಮೇಲೆ ಮೊದಲಿನ ಜಾಗಕ್ಕೇ ಮುಟ್ಟಿಸಿದಾಗ ಸಿಸ್ಟರ್ ಉಸಿರೆಳೆದುಕೊಂಡರು.

“ಹೆಬ್ಬೆರಳು, ಮೇಡಂ.”

ಡಾಕ್ಟರು ಒಂದು ಕ್ಷಣ ಕಣ್ಣು ಮುಚ್ಚಿದರು. ಮಿಡಿಯದ ಇನ್ನೊಂದು ಜಾಗ ಹುಡುಕಿ ಅಲ್ಲಿ ಹೊದಿಕೆ ಬಿಡಿಸಿದರು. ಹಿಚುಕಿದ ಅವರೆಕಾಳಿನಂತೆ ಗಂಟು ಜಾರಿ ಬಂತು.

ಮರುದಿನ ಅವರು ಗುರವ್ವನಿಗೆ ಏನೂ ಮುಚ್ಚಿಡದೆ ಹೇಳಿದರಂತೆ. ಅವಳು ಹೆಬ್ಬೆರಳನ್ನು ಮಡಿಸಿ ಬಿಚ್ಚಿ ನೋಡಿಕೊಂಡು, “ನನ್ನ ಕೈಲೂ ಬಳೆ ಒಡೆದು ಎಷ್ಟು ಜನಕ್ಕೆ ಚುಚ್ಚೈತೆ. ನೀವು ಕೊಯ್ಯದೆ ನಿಂತ್ರಲ್ಲ, ಅದೇ ದೊಡ್ಡದು,” ಎಂದಳಂತೆ. ನನ್ನನ್ನು ತೊಳೆಯುತ್ತ ಸಿಸ್ಟರ್ ಹೇಳಿದ್ದು.

ಈಗ ಪರದೆ ಇರುವ ಹೊಸ ಯಂತ್ರ ಬಂದಿದೆ. ನನ್ನ ತಂತಿ ಬಿರಿದಿದೆ. ಕಪಾಟಿನ ಕೆಳಗಿನ ಅರೆಯಲ್ಲಿ, ಹತ್ತಿಯ ಮೇಲೆ ಮಲಗಿದ್ದೇನೆ. ಡಾಕ್ಟರು ನನ್ನ ಮಾತು ನಂಬಿದ್ದರಿಂದ ಎಷ್ಟೋ ಬೆರಳುಗಳು ಉಳಿದವು. ಗುರವ್ವನ ಹೆಬ್ಬೆರಳು ಮಾತ್ರ, ಸಿಸ್ಟರ್ ನನ್ನನ್ನು ಅನುಮಾನಿಸಿದ್ದರಿಂದ ಉಳಿಯಿತು. ಅದಕ್ಕೆ ನನಗೆ ಬೇಸರವಿಲ್ಲ.