ತಾತನ ಕುರ್ಚಿಗೆ ಬಂದ ಬಾಸ್ಟನ್ ರಯನ್

ಅಜ್ಜಿಯ ಒಲೆ ಪಕ್ಕ ತಾತನ ಕುರ್ಚಿ ಇದೆ. ತಾತ ತೀರಿಕೊಂಡ ಮೇಲೆ ಅದರಲ್ಲಿ ಯಾರೂ ಕೂತಿರಲಿಲ್ಲ. ಹುಟ್ಟಿದಾಗಿನಿಂದ ಇದೇ ಮನೆಯಲ್ಲಿರುವ ನನಗೆ, ಅಂದರೆ ಫಿಂಟನ್ ರಯನ್‌ಗೆ, ಇವತ್ತಿಗೂ ಸ್ಟೂಲೇ ಗತಿ. ಅಮೆರಿಕದ ಬಾಸ್ಟನ್‌ನಿಂದ ಬಂದ ಕರ್ಟಿಸ್ ರಯನ್ ಮೊದಲನೇ ದಿನವೇ ಹೋಗಿ ಆ ಕುರ್ಚಿಯಲ್ಲಿ ಕೂತ. ಅಜ್ಜಿ ಬೈಯಲಿಲ್ಲ. ಬೆನ್ನಿಗೆ ದಿಂಬು ಕೊಟ್ಟಳು.

ಸಿನಿಮಾದಲ್ಲಾಗಿದ್ದರೆ ಹೀರೋ ಎಂಟ್ರಿ ಅಂತ ನಾನೇ ಶಿಳ್ಳೆ ಹಾಕುತ್ತಿದ್ದೆ. ಆದರೆ ನನ್ನ ಮನೆಯಲ್ಲಿ ನನ್ನನ್ನೇ ಸೈಡ್ ಆಕ್ಟರ್ ಮಾಡಿದರೆ?

ಅವನು ಬಂದದ್ದು ಇಲ್ಲಿಂದ ಅಮೆರಿಕಕ್ಕೆ ಹೋಗಿದ್ದ ತನ್ನ ಮುತ್ತಜ್ಜ ಡೆನಿಸ್ ರಯನ್‌ನ ಬೇರು ಹುಡುಕಿಕೊಂಡು. ಐರ್ಲೆಂಡಿನ ಟಿಪ್ಪರರಿಯ ನಮ್ಮ ಕಡೆ ಅರ್ಧ ಊರೇ ರಯನ್. ಅದಕ್ಕೇ ಮನೆಗೊಂದು ಅಡ್ಡಹೆಸರು. ನಾವು ರುವಾ, ಅಂದರೆ ಕೆಂಪು ರಯನ್‌ಗಳು, ಹೊಳೆಯಾಚೆಯವರು ಬಾನ್, ಅಂದರೆ ಬಿಳಿ ರಯನ್‌ಗಳು. ಯಾವುದೋ ಕಾಲದಲ್ಲಿ ಹೋರಿಯೊಂದು ಬೇಲಿ ಹಾರಿದ್ದಕ್ಕೆ ಎರಡು ಮನೆಗೂ ಮಾತಿಲ್ಲ. ಚರ್ಚಿನ ಹಳೆಯ ಜ್ಞಾನಸ್ನಾನದ ಪುಸ್ತಕದಲ್ಲಿ ಮಾತ್ರ ಪಾದ್ರಿಗಳು ಅಡ್ಡಹೆಸರು ಬರೆದಿಲ್ಲ. ಕರ್ಟಿಸ್ ಲ್ಯಾಪ್‌ಟಾಪಿನಲ್ಲಿ ಅದರ ಪುಟ ತೆರೆದರೆ ಒಂದೇ ವರ್ಷ ಇಬ್ಬರು ಡೆನಿಸ್. ಒಬ್ಬನ ಅಪ್ಪ ಪ್ಯಾಟ್ರಿಕ್, ನಮ್ಮ ಮನೆಯವನು. ಇನ್ನೊಬ್ಬನ ಅಪ್ಪ ಕಾನ್, ಬಾನ್ ಮನೆಯವನು. ತನ್ನ ಡೆನಿಸ್ ಇವರಲ್ಲಿ ಯಾರು ಅನ್ನುವುದು ಕರ್ಟಿಸ್‌ಗೆ ಗೊತ್ತಿಲ್ಲ.

ತನ್ನ ಮುತ್ತಜ್ಜನ ಹಿರಿಮಗ ಪ್ಯಾಟ್ರಿಕ್, ಎರಡನೆಯವನು ಕಾನ್ ಅಂದ ಕರ್ಟಿಸ್. ನನಗೆ ತಕ್ಷಣ ಗೊತ್ತಾಯಿತು. ನಮ್ಮಲ್ಲಿ ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ತಾಯಿಯ ಅಪ್ಪನ ಹೆಸರು. ಅಲ್ಲಿಗೆ ಇವನು ನಮ್ಮವನೇ. ಕುರ್ಚಿ ಪರ್ಮನೆಂಟಾಗಿ ಹೋಯಿತು.

"ಇಲ್ಲಿ ಹಿರಿಮಗನಿಗೆ ತಾಯಿ ಕಡೆ ಹೆಸರಿಡೋದು," ಅಂದೆ, ಕಣ್ಣು ಮಿಟುಕಿಸದೆ. "ಎರಡನೆಯವನಿಗೆ ಅಪ್ಪನ ಕಡೇದು. ನಿಮ್ಮೋರು ಹೊಳೆಯಾಚೆ ಇದಾರೆ, ಬ್ರದರ್."

ಮರುದಿನ ಬೆಳಿಗ್ಗೆ ಅವನು ಅಜ್ಜಿಗೆ ತಾನು ಬಾನ್ ಕಡೆಯವನಂತೆ ಅಂತಷ್ಟೇ ಹೇಳಿ, ಬ್ಯಾಗ್ ಹೆಗಲಿಗೇರಿಸಿಕೊಂಡು ಬಾನ್ ಮನೆಗೆ ಹೊರಟ. ಅಜ್ಜಿ ದಿಂಬು ಎತ್ತಿಟ್ಟಳು. ವಿಲನ್ ಔಟ್ ಅಂತ ನಾನು ಕುರ್ಚಿಯತ್ತ ಎರಡು ಹೆಜ್ಜೆ ಇಟ್ಟೆ. ಅಜ್ಜಿ ತಿರುಗಿ ನೋಡಿದಳು, ಅಷ್ಟೇ. ಹೋಗಿ ಸ್ಟೂಲ್ ಮೇಲೆ ಕೂತೆ.

ಮಧ್ಯಾಹ್ನ ಅಂಗಳಕ್ಕೆ ಕಾರು ಬಂತು. ಕರ್ಟಿಸ್ ಇಳಿದ. ಹಿಂದೆಯೇ ಬಾನ್ ಮನೆಯ ಮುದುಕ, ಹಳೇ ಕಾನ್‌ನ ಹೆಸರನ್ನೇ ಹೊತ್ತ ಈಗಿನ ಕಾನ್, ಇಳಿದು ಬಾಗಿಲಲ್ಲಿ ಟೋಪಿ ತೆಗೆದು ನಿಂತು ಅಜ್ಜಿಯನ್ನು ಹೆಸರು ಹಿಡಿದು ಕರೆದ.

"ನೋರಾ, ನಿಮ್ಮ ಹುಡುಗನ್ನ ನಮ್ಮನೆಗ್ಯಾಕೆ ಕಳಿಸಿದೆ? ಇವನ ಮುತ್ತಜ್ಜ ನಮ್ಮ ಹಳೇ ಕಾನ್ ಮಗ ಆಗಿದ್ರೆ, ಹಿರಿಮಗನಿಗೆ ಪ್ಯಾಟ್ರಿಕ್ ಅಂತ ಹೆಸರಿಡ್ತಿದ್ನಾ?"

ಊರಿನ ಪ್ರತಿ ಮುದುಕನಿಗೂ ಆ ಲೆಕ್ಕ ಗೊತ್ತಿರುತ್ತದೆ ಅನ್ನುವುದೇ ನನಗೆ ಹೊಳೆದಿರಲಿಲ್ಲ.

"ಇದು ತೊಟ್ಟಿಲ ಮಗೂಗೂ ಗೊತ್ತು," ಅಂದಳು ಅಜ್ಜಿ, ನನ್ನನ್ನೇ ನೋಡುತ್ತಾ. "ಉಲ್ಟಾ ಹೇಳ್ಕೊಟ್ಟೋರು ಯಾರೋ?"

"ನಾನೇ ತಪ್ಪು ತಿಳ್ಕೊಂಡೆ, ಅಜ್ಜಿ," ಅಂದ ಕರ್ಟಿಸ್.

ನನ್ನನ್ನು ಉಳಿಸಿ ಅದರಲ್ಲೂ ಅವನೇ ಹೀರೋ ಆದ. ಇನ್ನಷ್ಟು ಉರಿಯಿತು.

ಅಜ್ಜಿ ಕಾನ್‌ನನ್ನು ಒಳಗೆ ಕರೆದು ಚಹಾ ಇಟ್ಟಳು. ಹೋರಿಯ ಮಾತು ಬಂತು, ಇಬ್ಬರೂ ನಕ್ಕರು. ಕಪಾಟಿನ ಒಳ್ಳೆಯ ಕಪ್ಪುಗಳು ಇಳಿದವು. ನನಗೆ ಅಂಚು ಒಡೆದ ಮಗ್ಗೇ. ಕುರ್ಚಿಗೆ ದಿಂಬು ವಾಪಸ್ ಬಂತು. ಕರ್ಟಿಸ್ ಕೂತ, ನನ್ನ ಮುಖ ನೋಡಿದ, ಎದ್ದ.

"ನೀನು ಕೂತ್ಕೋ ಫಿಂಟನ್. ನನಗೆ ಸ್ಟೂಲ್ ಸಾಕು."

ಅಜ್ಜಿ ಈ ಸಲ ತಡೆಯಲಿಲ್ಲ. ನಾನು ಕೂತೆ, ಸಿಂಹಾಸನ ಏರಿದವನ ಹಾಗೆ. ಏನೋ ಚುರುಕ್ಕೆಂದು ಚುಚ್ಚಿತು. ಸೀಟಿನ ಸ್ಪ್ರಿಂಗ್ ಬಟ್ಟೆ ಹರಿದು ಹೊರಬಂದಿತ್ತು. ಕರ್ಟಿಸ್ ಕಪ್ಪಿನ ಹಿಂದೆ ನಗು ಮುಚ್ಚಿಕೊಂಡು ನನ್ನ ಕಿವಿಯ ಹತ್ತಿರ ಬಾಗಿದ.

"ಅಜ್ಜಿಗೆ ಬೇಜಾರಾಗುತ್ತೆ ಅಂತ ಹೇಳಿರ್ಲಿಲ್ಲ. ಸ್ವಲ್ಪ ಎಡಕ್ಕೆ ವಾಲಿ ಕೂತ್ಕೋ."

ಎಡಕ್ಕೆ ವಾಲಿ ಕೂತು ಚಹಾ ಕುಡಿದೆ, ಏಳಲಿಲ್ಲ. ಎದುರಿಗೆ ಅವನು ಕಾಲು ಚಾಚಿಕೊಂಡು ಹಾಯಾಗಿ ಕೂತಿದ್ದ. ಅದೂ ನನ್ನ ಸ್ಟೂಲ್ ಮೇಲೆ.